ಗಾಯಕರ ಹೆಸರಿನಲ್ಲಿ ಐವತ್ತು ವರ್ಷದ ಜಗಳ

1986ರ ಜುಲೈನಲ್ಲಿ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯ ತುದಿಗೆ ಒಂದು ಹಾಡು ಏರಿ ಕೂತಿತು: ಇಂಗ್ಲೆಂಡಿನ ಜೆನೆಸಿಸ್ ಬ್ಯಾಂಡಿನ ‘ಇನ್ವಿಸಿಬಲ್ ಟಚ್’. ಆ ಬ್ಯಾಂಡಿಗೆ ಅಮೆರಿಕದಲ್ಲಿ ಮೊದಲ ಸ್ಥಾನ ಸಿಕ್ಕಿದ್ದು ಅದೊಂದೇ ಸಲ, ಅದೂ ಒಂದೇ ವಾರ. ಮರುವಾರ ಅದನ್ನು ಕೆಳಗಿಳಿಸಿ ಪಟ್ಟಕ್ಕೇರಿದ್ದು ‘ಸ್ಲೆಡ್ಜ್‌ಹ್ಯಾಮರ್’. ಅದನ್ನು ಹಾಡಿದವರು ಪೀಟರ್ ಗೇಬ್ರಿಯಲ್. ಹನ್ನೊಂದು ವರ್ಷ ಮೊದಲು ಇದೇ ಜೆನೆಸಿಸ್ ಬಿಟ್ಟು ಹೊರನಡೆದಿದ್ದ ಗಾಯಕ. ಮನೆ ಬಿಟ್ಟು ಹೋದವರೂ ಮನೆಯಲ್ಲೇ ಉಳಿದವರೂ ಒಂದೇ ತಿಂಗಳಲ್ಲಿ ಒಂದೇ ಗದ್ದುಗೆಗೆ ಬಂದರು. ಇಬ್ಬರ ಹಾಡೂ ಕುಣಿಯಲು ಹೇಳಿ ಮಾಡಿಸಿದಂಥದ್ದು. ಎರಡರಲ್ಲೂ ಹಳೇ ಜೆನೆಸಿಸ್‌ನ ಇಪ್ಪತ್ತು ನಿಮಿಷದ ಕಥನವಿಲ್ಲ, ನರಿಯ ಮುಖವಾಡವಿಲ್ಲ.

ಇಷ್ಟಾದ ಮೇಲಾದರೂ ಅಭಿಮಾನಿಗಳ ಜಗಳ ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಗೇಬ್ರಿಯಲ್ ಪಕ್ಷದವರ ಪ್ರಕಾರ ಜೆನೆಸಿಸ್ 1975ಕ್ಕೇ ಸತ್ತಿತು, ಆಮೇಲಿನದೆಲ್ಲ ಅದೇ ಬೋರ್ಡು ನೇತುಹಾಕಿಕೊಂಡು ನಡೆಸಿದ ವ್ಯಾಪಾರ. ಗೇಬ್ರಿಯಲ್ ನಂತರ ಹಾಡಿದ ಫಿಲ್ ಕಾಲಿನ್ಸ್ ಪಕ್ಷದವರ ಪ್ರಕಾರ ಮೊದಲಿನದು ಶ್ರೀಮಂತ ಶಾಲಾಹುಡುಗರ ವೇಷದಾಟ. ಮನುಷ್ಯರಿಗೆ ಅರ್ಥವಾಗುವ ಹಾಡು ಶುರುವಾದದ್ದೇ ಆಮೇಲೆ. ಬೆಂಗಳೂರಿನ ಕ್ಯಾಸೆಟ್ ಕಾಲದ ಕೇಳುಗರಲ್ಲೂ ಈ ಎರಡು ಪಂಗಡಗಳನ್ನು ಕಂಡಿದ್ದೇನೆ. ಯಾರು ಯಾವ ಪಕ್ಷ ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುತ್ತಿದ್ದದ್ದು ಅವರ ಅಭಿರುಚಿಯಲ್ಲ, ಅಣ್ಣನೋ ಸ್ನೇಹಿತನೋ ಮೊದಲು ಕೈಗಿತ್ತ ಕ್ಯಾಸೆಟ್ ಯಾವುದು ಎಂಬುದು.

ನನಗೆ ಈ ವಾದದಲ್ಲಿ ಮೊದಲಿಂದಲೂ ಒಂದು ತಕರಾರಿದೆ. ಎರಡೂ ಕಡೆಯವರು ಹಾಡುವವರ ಮುಖ ನೋಡಿ ಗೆರೆ ಎಳೆಯುತ್ತಾರೆ. ಹಾಡು ಕಟ್ಟುವ ಕೋಣೆಯೊಳಗೆ ಇಣುಕುವುದಿಲ್ಲ.

ಕಥೆ ಶುರುವಾಗುವುದು 1967ರಲ್ಲಿ, ಸರ್ರೆ ಪ್ರಾಂತದ ಚಾರ್ಟರ್‌ಹೌಸ್ ಎಂಬ ಪ್ರತಿಷ್ಠಿತ ವಸತಿಶಾಲೆಯಲ್ಲಿ. ಗೇಬ್ರಿಯಲ್, ಕೀಬೋರ್ಡಿನ ಟೋನಿ ಬ್ಯಾಂಕ್ಸ್, ಗಿಟಾರಿನ ಮೈಕ್ ರುದರ್‌ಫರ್ಡ್ ಮತ್ತು ಆಂಟನಿ ಫಿಲಿಪ್ಸ್ ಅಲ್ಲಿನ ವಿದ್ಯಾರ್ಥಿಗಳು. ವೇದಿಕೆಯ ಭಯದಿಂದ ಫಿಲಿಪ್ಸ್ 1970ರಲ್ಲಿ ಬಿಟ್ಟರು. ಅದೇ ವರ್ಷ ಡ್ರಮ್ಸ್‌ಗೆ ಕಾಲಿನ್ಸ್ ಬಂದರು, ಮುಂದಿನ ಜನವರಿಯಲ್ಲಿ ಗಿಟಾರ್ ಹಿಡಿದು ಸ್ಟೀವ್ ಹ್ಯಾಕೆಟ್ ಬಂದರು. ಇಲ್ಲಿಂದ 1975ರವರೆಗಿನ ಐವರ ಜೆನೆಸಿಸ್ಸೇ ಹಳೇ ಪಕ್ಷದವರು ಪೂಜಿಸುವ ಜೆನೆಸಿಸ್.

ಪೂಜೆಗೆ ಕಾರಣವಿಲ್ಲದಿಲ್ಲ. 1971ರ ‘ನರ್ಸರಿ ಕ್ರೈಮ್’ ಆಲ್ಬಮ್ಮಿನ ಹೊದಿಕೆಯ ಮೇಲೆ ಕ್ರೋಕೆ ಆಟದ ಸುತ್ತಿಗೆ ಹಿಡಿದ ಪುಟ್ಟ ಹುಡುಗಿ; ಹುಲ್ಲಿನ ಮೇಲೆ ಉರುಳುತ್ತಿರುವುದು ಚೆಂಡಲ್ಲ, ತಲೆಗಳು. ಒಳಗಿನ ‘ದ ಮ್ಯೂಸಿಕಲ್ ಬಾಕ್ಸ್’ ಹಾಡಿನಲ್ಲಿ ಸತ್ತ ಹುಡುಗನೊಬ್ಬ ಸಂಗೀತದ ಪೆಟ್ಟಿಗೆ ತೆರೆದೊಡನೆ ಮರಳಿ ಬಂದು, ನೋಡುತ್ತಿದ್ದ ಹಾಗೇ ಮುದುಕನಾಗಿಬಿಡುತ್ತಾನೆ. ಗೇಬ್ರಿಯಲ್ ವೇದಿಕೆಯ ಮೇಲೆ ಮುದುಕನ ಮುಖವಾಡ ತೊಟ್ಟು ಅದನ್ನು ಹಾಡುತ್ತಿದ್ದರು. 1972ರಲ್ಲಿ ಡಬ್ಲಿನ್‌ನ ಕಾರ್ಯಕ್ರಮವೊಂದರಲ್ಲಿ ಹೆಂಡತಿಯ ಕೆಂಪು ಉಡುಪು, ನರಿಯ ತಲೆ ಧರಿಸಿ ಏಕಾಏಕಿ ವೇದಿಕೆಗೆ ಬಂದರು. ಜೊತೆಗಾರರಿಗೂ ಮೊದಲು ಹೇಳಿರಲಿಲ್ಲ. ಪತ್ರಿಕೆಗಳಿಗೆ ಫೋಟೊ ಸಿಕ್ಕಿತು, ಬ್ಯಾಂಡಿಗೆ ಹೆಸರು ಬಂತು. ಜೊತೆಗೆ ಜೆನೆಸಿಸ್ ಎಂದರೆ ಗೇಬ್ರಿಯಲ್ ಎಂಬ ತಪ್ಪು ಲೆಕ್ಕವೂ ಅಲ್ಲಿಂದಲೇ ಶುರುವಾಯಿತು.

ತಪ್ಪು ಲೆಕ್ಕ ಯಾಕೆಂದರೆ, ಹಳಬರು ಕಣ್ಣುಮುಚ್ಚಿ ಕೇಳುವ ಎಷ್ಟೋ ಹಾಡುಗಳ ಬೇರು ಬೇರೆ ಕಡೆ ಇದೆ. ‘ವಾಚರ್ ಆಫ್ ದ ಸ್ಕೈಸ್’ ಹಾಡುವಾಗ ಬಾವಲಿಯ ರೆಕ್ಕೆ ಕಟ್ಟಿಕೊಂಡವರು ಗೇಬ್ರಿಯಲ್, ಆದರೆ ಅದರ ಸಾಹಿತ್ಯ ಬ್ಯಾಂಕ್ಸ್ ಮತ್ತು ರುದರ್‌ಫರ್ಡ್ ಅವರದು. 1973ರ ‘ಸೆಲ್ಲಿಂಗ್ ಇಂಗ್ಲೆಂಡ್ ಬೈ ದ ಪೌಂಡ್’ ಆಲ್ಬಮ್ಮಿನ ‘ಫರ್ತ್ ಆಫ್ ಫಿಫ್ತ್’ ತೆಗೆದುಕೊಳ್ಳಿ. ಬ್ಯಾಂಕ್ಸ್ ಒಬ್ಬರೇ ಪಿಯಾನೊ ನುಡಿಸುತ್ತ ಶುರು ಮಾಡುತ್ತಾರೆ. ತಾಳದ ಎಣಿಕೆ ಹದಿಮೂರು, ಹದಿನೈದು ಎಂದು ಬದಲಾಗುತ್ತಲೇ ಇದ್ದರೂ ಕೈ ಎಲ್ಲೂ ತಡವರಿಸುವುದಿಲ್ಲ. ನಡುವೆ ಒಂದು ರಾಗಧಾರೆ ಗೇಬ್ರಿಯಲ್ ಅವರ ಕೊಳಲಿನಲ್ಲಿ ಮೆಲ್ಲಗೆ ಬಂದುಹೋಗುತ್ತದೆ. ಆಮೇಲೆ ಅದೇ ಧಾಟಿಯನ್ನು ಹ್ಯಾಕೆಟ್ ಗಿಟಾರಿನಲ್ಲಿ ಎತ್ತಿಕೊಳ್ಳುತ್ತಾರೆ. ಸುಮಾರು ಮೂರು ನಿಮಿಷ. ಒಂದೊಂದು ಸ್ವರವನ್ನೂ ಎಳೆದು ನಿಲ್ಲಿಸಿ, ಅದು ಪೂರ್ತಿ ಆರುವ ಮೊದಲು ಮುಂದಿನದಕ್ಕೆ ಕೈ ಹಾಕುತ್ತಾರೆ. ಬೆರಳಿನ ವೇಗ ತೋರಿಸುವ ಚಪಲವೇ ಇಲ್ಲ. ಆ ಮೂರು ನಿಮಿಷ ಗಾಯಕರು ಬಾಯಿ ತೆರೆಯುವುದಿಲ್ಲ.

ಆ ಕಾಲದ ಹಾಡುಗಳೆಲ್ಲ ಅಡಗೂಲಜ್ಜಿ ಕಥೆ ಎಂಬ ಹೊಸ ಪಕ್ಷದವರ ಮಾತೂ ಅರ್ಧ ಸತ್ಯವೇ. 1972ರ ‘ಫಾಕ್ಸ್‌ಟ್ರಾಟ್’ನಲ್ಲಿ ಸುಮಾರು ಇಪ್ಪತ್ಮೂರು ನಿಮಿಷದ ‘ಸಪ್ಪರ್ಸ್ ರೆಡಿ’ ಇದೆ ನಿಜ. ಅದೇ ಆಲ್ಬಮ್ಮಿನ ‘ಗೆಟ್ ಎಮ್ ಔಟ್ ಬೈ ಫ್ರೈಡೇ’ಯಲ್ಲಿ ಬಾಡಿಗೆದಾರರನ್ನು ಎತ್ತಂಗಡಿ ಮಾಡಿಸುವ ಮನೆ ಮಾಲೀಕರಿದ್ದಾರೆ. ಒಂದು ಕಟ್ಟಡದಲ್ಲಿ ಹೆಚ್ಚು ಜನರನ್ನು ತುರುಕಲೆಂದು ಮನುಷ್ಯರ ಎತ್ತರವನ್ನೇ ನಾಲ್ಕು ಅಡಿಗೆ ಇಳಿಸುವ ಪ್ರಕಟಣೆ ಅದರಲ್ಲಿ ಹೊರಡುತ್ತದೆ. ಫ್ಲ್ಯಾಟ್ ಕೊಂಡ ಯಾವ ಬೆಂಗಳೂರಿಗರೂ ಇದನ್ನು ಕಟ್ಟುಕಥೆ ಎನ್ನಲಾರರು.

1974ರ ಜೋಡಿ ಆಲ್ಬಮ್ ‘ದ ಲ್ಯಾಂಬ್ ಲೈಸ್ ಡೌನ್ ಆನ್ ಬ್ರಾಡ್‌ವೇ’ ಹೊತ್ತಿಗೆ ಬಿರುಕು ಬಿಟ್ಟಾಗಿತ್ತು. ಸಾಹಿತ್ಯವೆಲ್ಲ ತಾನೇ ಬರೆಯಬೇಕೆಂದು ಗೇಬ್ರಿಯಲ್ ಹಟ ಹಿಡಿದರು. ಸಂಗೀತವನ್ನು ಉಳಿದವರು ಹ್ಯಾಂಪ್‌ಶೈರಿನ ಹಳೆಯ ಕಟ್ಟಡವೊಂದರಲ್ಲಿ ಕೂತು ಕಟ್ಟಿದರು. ಆ ಬೇಸಿಗೆಯಲ್ಲಿ ಗೇಬ್ರಿಯಲ್ ಅವರ ಮೊದಲ ಮಗು ಹುಟ್ಟಿದ ಕೂಡಲೇ ಜೀವನ್ಮರಣದ ಹೋರಾಟದಲ್ಲಿತ್ತು. ಆಸ್ಪತ್ರೆಗೂ ಸ್ಟುಡಿಯೊಗೂ ನಡುವೆ ಅವರು ಓಡಾಡುತ್ತಿದ್ದಾಗ ಗೆಳೆಯರಿಂದ ಸಿಗಬೇಕಾದ ಸಮಾಧಾನ ಸಿಗಲಿಲ್ಲ. ಪ್ರವಾಸ ಮುಗಿಸಿ 1975ರಲ್ಲಿ ಹೊರಟರು. ಬ್ಯಾಂಡಿನವರು ಹೊಸ ಗಾಯಕರಿಗಾಗಿ ಹುಡುಕಿ, ಹತ್ತಾರು ಜನರನ್ನು ಹಾಡಿಸಿ ನೋಡಿ, ಕೊನೆಗೆ ಡ್ರಮ್ಸ್ ಹಿಂದೆ ಕೂತಿದ್ದವರನ್ನೇ ಮುಂದಕ್ಕೆ ಕರೆದರು. ‘ನರ್ಸರಿ ಕ್ರೈಮ್’ನಿಂದ ಅಲ್ಲಿಯವರೆಗೆ ಪ್ರತಿ ಆಲ್ಬಮ್ಮಿನಲ್ಲೂ ಗೇಬ್ರಿಯಲ್ ದನಿಯ ಜೊತೆಗೆ ಸೇರಿಕೊಂಡಿದ್ದ ಎರಡನೆಯ ದನಿ ಕಾಲಿನ್ಸ್ ಅವರದೇ.

ಇನ್ನು ಈ ಜಗಳದಲ್ಲಿ ಯಾರೂ ಸಾಕ್ಷಿಗೆ ಕರೆಯದ ದಾಖಲೆಯೊಂದಿದೆ: ಆಲ್ಬಮ್ಮಿನ ಹೊದಿಕೆಯ ಮೇಲೆ ಸಣ್ಣಕ್ಷರದಲ್ಲಿ ಅಚ್ಚಾದ ‘ರಚನೆ’ ಎಂಬ ಸಾಲು. ಗೇಬ್ರಿಯಲ್ ಇದ್ದಷ್ಟೂ ಕಾಲ ಹಾಡುಗಳ ರಚನೆ ಇಡೀ ಬ್ಯಾಂಡಿನ ಹೆಸರಿನಲ್ಲಿತ್ತು. 1976ರ ‘ಎ ಟ್ರಿಕ್ ಆಫ್ ದ ಟೇಲ್’ನಿಂದ ಹಾಡಿಗೆ ಇಂತಿಂಥವರದೆಂದು ಹೆಸರು ಹಾಕತೊಡಗಿದರು. ನೋಡಿದರೆ ಎಂಟಕ್ಕೆ ಎಂಟು ಹಾಡಿನಲ್ಲೂ ಬ್ಯಾಂಕ್ಸ್ ಹೆಸರಿದೆ. ಗಾಯಕರು ಬದಲಾದರೂ ಆ ಆಲ್ಬಮ್ ಹಳೆಯದರ ತಮ್ಮನಂತೆ ಕೇಳಿಸುವುದು ಇದಕ್ಕೇ. ವರ್ಷದ ಕೊನೆಗೆ ಬಂದ ‘ವಿಂಡ್ ಆ್ಯಂಡ್ ವದರಿಂಗ್’ ಕೂಡ ಹಾಗೆಯೇ. ತನ್ನ ಹಾಡುಗಳಿಗೆ ಜಾಗ ಸಿಗುತ್ತಿಲ್ಲವೆಂದು ಹ್ಯಾಕೆಟ್ 1977ರಲ್ಲಿ ಬಿಟ್ಟರು. ನನ್ನ ಕಿವಿಗೆ ದೊಡ್ಡ ನಷ್ಟ ಅದು, ಗೇಬ್ರಿಯಲ್ ನಿರ್ಗಮನಕ್ಕಿಂತ ದೊಡ್ಡದು.

ಉಳಿದ ಮೂವರದು ಇನ್ನೂ ಸ್ವಾರಸ್ಯ. 1980ರ ‘ಡ್ಯೂಕ್’ಗೆ ಒಬ್ಬೊಬ್ಬರೂ ಮನೆಯಲ್ಲಿ ಬರೆದ ಎರಡೆರಡು ಹಾಡು ತಂದರು, ಮಿಕ್ಕಿದ್ದನ್ನು ಒಟ್ಟಿಗೆ ಕೂತು ಕಟ್ಟಿದರು. 1981ರ ‘ಅಬಕಾಬ್’ಗೆ ತಲಾ ಒಂದು. 1983ರಲ್ಲಿ ಬ್ಯಾಂಡಿನ ಹೆಸರನ್ನೇ ಹೊತ್ತು ಬಂದ ಆಲ್ಬಮ್ಮಿಗೆ ಮನೆಯಿಂದ ಯಾರೂ ಏನನ್ನೂ ತರಲಿಲ್ಲ. ಸರ್ರೆಯಲ್ಲಿ ತಾವೇ ಕೊಂಡಿದ್ದ ಹೊಲಮನೆಯ ಸ್ಟುಡಿಯೊದಲ್ಲಿ ಮೂವರೂ ಬರಿಗೈಯಲ್ಲಿ ಸೇರಿ, ಡ್ರಮ್ ಯಂತ್ರ ಓಡಿಸಿ, ಅದರ ಮೇಲೆ ಮನಸ್ಸಿಗೆ ಬಂದದ್ದನ್ನು ನುಡಿಸುತ್ತ ಹೋದರು. ಚೆನ್ನಾಗಿ ಕೂತಿದ್ದನ್ನು ಉಳಿಸಿಕೊಂಡರು. ಆ ಆಲ್ಬಮ್ಮಿನ ‘ಮಾಮಾ’ ಹಾಡು ಹುಟ್ಟಿದ್ದು ಹಾಗೆ. ಬರೆದುಕೊಂಡು ಬಂದ ಸಂಗೀತದಲ್ಲಿ ತಿರುವುಗಳಿರುತ್ತವೆ, ಒಂದು ಭಾಗದ ಬೀಜ ಹತ್ತು ನಿಮಿಷದ ನಂತರ ಮೊಳೆಯುತ್ತದೆ. ಕೂತಲ್ಲೇ ಹುಟ್ಟಿದ ಸಂಗೀತ ಒಂದು ಲಯವನ್ನು ಹಿಡಿದು ಅದರಲ್ಲೇ ಬೆಚ್ಚಗೆ ಕೂರುತ್ತದೆ. ಅಭಿಮಾನಿಗಳು ಕಾಲಿನ್ಸ್ ತಲೆಗೆ ಕಟ್ಟುವ ‘ಸರಳತೆ’ಯ ಬಹುಪಾಲು ಈ ಕೆಲಸದ ಕ್ರಮದಿಂದ ಬಂದದ್ದು.

ಸರಳತೆ ಎಂದಮೇಲೆ ‘ಟರ್ನ್ ಇಟ್ ಆನ್ ಅಗೇನ್’ ವಿಷಯ ಹೇಳಲೇಬೇಕು. 1980ರಲ್ಲಿ ಬ್ರಿಟನ್‌ನ ಮೊದಲ ಹತ್ತರೊಳಗೆ ಬಂದ, ರೇಡಿಯೊದಲ್ಲಿ ಸಲೀಸಾಗಿ ಸಾಗುವ ಹಾಡು. ಪಲ್ಲಕ್ಕಿ ಹೊತ್ತವರ ನಡಿಗೆಯಂತೆ ಕೇಳಿಸುತ್ತದೆ, ತಾಳ ಹಾಕಿ ನೋಡಿ: ನಾಲ್ಕರ ಎಣಿಕೆ ಎಲ್ಲೋ ಕಳಚಿಕೊಳ್ಳುತ್ತದೆ. ಮತ್ತೆ ಮೊದಲಿಂದ ಹಿಡಿದರೆ ಮತ್ತೆ ಅಲ್ಲೇ ತಪ್ಪುತ್ತದೆ. ಅದು ಹದಿಮೂರರ ಆವರ್ತ: ಮೊದಲು ಆರು, ಆಮೇಲೆ ಏಳು. ಮಿಶ್ರಛಾಪಿನ ಏಳು ಗೊತ್ತಿರುವ ನಮ್ಮ ಕಚೇರಿ ಕೇಳುಗರಿಗೆ ಎರಡನೆಯ ಅರ್ಧ ಬೇಗ ಕೈಗೆ ಹತ್ತಬಹುದು. ಆ ಧಾಟಿಯನ್ನು ತಂದ ರುದರ್‌ಫರ್ಡ್‌ಗೇ ಅದು ಹದಿಮೂರೆಂದು ಗೊತ್ತಿರಲಿಲ್ಲವಂತೆ, ಹೇಳಿದವರು ಕಾಲಿನ್ಸ್. ಪಾಪ್ ಮಾಡಿ ಬ್ಯಾಂಡನ್ನು ಕೆಡಿಸಿದರೆಂಬ ಆರೋಪ ಹೊತ್ತವರು ಕಾಲಿನ್ಸ್. ಆ ಪಾಪಿನಲ್ಲಿ ಹದಿಮೂರು ಎಣಿಸಿದವರೂ ಅವರೇ.

ಇನ್ನೊಂದು ತಮಾಷೆ. ಎಂಬತ್ತರ ದಶಕದ ಜೆನೆಸಿಸ್ ಎಂದೊಡನೆ ನೆನಪಾಗುವ ಆ ಡ್ರಮ್ಸ್ ಸದ್ದು, ಢಮ್ಮೆಂದು ಉಬ್ಬಿ, ಅನುರಣನ ಹರಡುವ ಮೊದಲೇ ಯಾರೋ ಕತ್ತಿ ಹಾಕಿದಂತೆ ತಟ್ಟನೆ ನಿಲ್ಲುವ ಸದ್ದು, ಹುಟ್ಟಿದ್ದು ಗೇಬ್ರಿಯಲ್ ಅವರ ಆಲ್ಬಮ್ಮಿನಲ್ಲಿ. ಲಂಡನ್ನಿನ ಟೌನ್‌ಹೌಸ್ ಸ್ಟುಡಿಯೊದಲ್ಲಿ ಅವರ ಮೂರನೆಯ ಸ್ವಂತ ಆಲ್ಬಮ್ಮಿಗೆ ಡ್ರಮ್ಸ್ ನುಡಿಸಲು ಹಳೆಯ ಗೆಳೆಯ ಕಾಲಿನ್ಸ್ ಬಂದಿದ್ದರು. ಒಳಗಿನ ಕಲಾವಿದರ ಮಾತು ಹೊರಗೆ ಕೇಳಿಸಲೆಂದು ಕೋಣೆಯಲ್ಲಿ ಒಂದು ಮೈಕು ತೂಗುಹಾಕಿತ್ತು. ಸಣ್ಣ ಸದ್ದನ್ನೂ ಎತ್ತಿ, ದೊಡ್ಡ ಸದ್ದನ್ನು ಅದುಮಿ ಕಳಿಸುವ ಮೈಕು ಅದು. ಅದರ ಮೂಲಕ ಡ್ರಮ್ಸ್ ಕೇಳಿಬಂದಾಗ ಧ್ವನಿತಂತ್ರಜ್ಞ ಹ್ಯೂ ಪ್ಯಾಡ್ಗಮ್ ಬೆರಗಾದರು. ತಾಳದ ತಟ್ಟೆಗಳನ್ನು ಮುಟ್ಟಲೇಬಾರದೆಂದು ಗೇಬ್ರಿಯಲ್ ಕಟ್ಟುಪಾಡು ಹಾಕಿದ್ದರಿಂದ ಆ ಸದ್ದಿಗೆ ಬೇಕಾದಷ್ಟು ಜಾಗವೂ ಸಿಕ್ಕಿತು. 1980ರಲ್ಲಿ ‘ಇಂಟ್ರೂಡರ್’ ಹಾಡಿನಲ್ಲಿ ಅದು ಹೊರಬಂತು, ಮರುವರ್ಷ ಕಾಲಿನ್ಸ್ ಅವರ ‘ಇನ್ ದಿ ಏರ್ ಟುನೈಟ್’ ಮೂಲಕ ಜಗತ್ತಿನ ಮನೆಮನೆ ಸೇರಿತು. ಪ್ಯಾಡ್ಗಮ್ ಅಲ್ಲಿಂದ ಜೆನೆಸಿಸ್ ಸ್ಟುಡಿಯೊಗೆ ನಡೆದರು. ಹಳೇ ಪಕ್ಷದವರು ಬೈಯುವ ಸದ್ದಿನ ಮೂಲ ಅವರ ದೇವರ ಮನೆಯಲ್ಲೇ ಇದೆ.

ಹೊಸದನ್ನು ಸಾರಾಸಗಟಾಗಿ ಎತ್ತಿಹಿಡಿಯುವ ಉಮೇದು ನನಗಿಲ್ಲ. ‘ಅಬಕಾಬ್’ ಪ್ರವಾಸದಲ್ಲಿ ನೆದರ್ಲೆಂಡ್ಸ್‌ನ ಲೈಡನ್ ಊರಿನ ಶ್ರೋತೃಗಳು ಹೊಸ ಹಾಡುಗಳಿಗೆ ಹೋ ಎಂದು ಕೂಗಿ ಅಸಮಾಧಾನ ತೋರಿಸಿದರು. ಆ ಆಲ್ಬಮ್ಮಿನ ‘ಹೂ ಡನ್ ಇಟ್’ ಕೇಳಿದವರು ಅವರನ್ನು ಕ್ಷಮಿಸುತ್ತಾರೆ. ‘ಇನ್ವಿಸಿಬಲ್ ಟಚ್’ ಆಲ್ಬಮ್ಮಿನ ಐದು ಹಾಡುಗಳು ಅಮೆರಿಕದಲ್ಲಿ ಮೊದಲ ಐದರೊಳಗೆ ಬಂದವು, ಆದರೆ ಅವುಗಳಲ್ಲಿ ಎರಡಾದರೂ ಈಗ ಅಂಗಡಿಯ ಹಿನ್ನೆಲೆ ಸಂಗೀತಕ್ಕಷ್ಟೇ ಸಾಕು. ಅಮೆರಿಕದ ಲೇಖಕ ಬ್ರೆಟ್ ಈಸ್ಟನ್ ಎಲಿಸ್ 1991ರ ‘ಅಮೆರಿಕನ್ ಸೈಕೊ’ ಕಾದಂಬರಿಯಲ್ಲಿ ಒಂದು ಇಡೀ ಅಧ್ಯಾಯವನ್ನು ಜೆನೆಸಿಸ್‌ಗೆ ಕೊಟ್ಟಿದ್ದಾರೆ. ‘ಡ್ಯೂಕ್’ ನಂತರದ ಜೆನೆಸಿಸ್ಸೇ ಶ್ರೇಷ್ಠ, ಮೊದಲಿನದು ತಲೆಗೆ ಹತ್ತುವುದಿಲ್ಲ ಎಂದು ಅಲ್ಲಿ ಗಂಭೀರವಾಗಿ ಉಪನ್ಯಾಸ ಕೊಡುವ ನಿರೂಪಕ ಕೊಲೆಗಡುಕ. ಹಳೇ ಪಕ್ಷಕ್ಕೆ ಇದಕ್ಕಿಂತ ಒಳ್ಳೆಯ ಅಸ್ತ್ರವನ್ನು ಯಾರೂ ಕೊಟ್ಟಿಲ್ಲ.

ಹಾಡಿದವರ ನಡುವೆ ಮಾತ್ರ ಈ ದ್ವೇಷ ಬೆಳೆಯಲೇ ಇಲ್ಲ. ಗೇಬ್ರಿಯಲ್ 1982ರಲ್ಲಿ ಜಗತ್ತಿನ ನಾನಾ ದೇಶಗಳ ಸಂಗೀತಗಾರರನ್ನು ಕೂಡಿಸಿ ‘ವೋಮ್ಯಾಡ್’ ಉತ್ಸವ ಮಾಡಿ ಸಾಲದಲ್ಲಿ ಮುಳುಗಿದರು. ಅದನ್ನು ತೀರಿಸಲು ಅಕ್ಟೋಬರ್ 2ರಂದು ಮಿಲ್ಟನ್ ಕೀನ್ಸ್‌ನಲ್ಲಿ ಹಳೇ ಬ್ಯಾಂಡು ಒಂದು ರಾತ್ರಿಯ ಮಟ್ಟಿಗೆ ಅವರೊಡನೆ ನುಡಿಸಿತು. ಮಳೆ ಎಡೆಬಿಡದೆ ಸುರಿಯುತ್ತಿತ್ತು. ಗೇಬ್ರಿಯಲ್‌ರನ್ನು ಶವಪೆಟ್ಟಿಗೆಯಲ್ಲಿ ಮಲಗಿಸಿ ವೇದಿಕೆಗೆ ಹೊತ್ತು ತಂದರು, ಅವರು ಅದರೊಳಗಿಂದ ಎದ್ದು ಹಾಡಿದರು. ಹ್ಯಾಕೆಟ್ ಕೊನೆಯ ಎರಡು ಹಾಡಿಗೆ ಬಂದು ಸೇರಿಕೊಂಡರು. 2022ರ ಮಾರ್ಚ್‌ನಲ್ಲಿ ಲಂಡನ್ನಿನಲ್ಲಿ ಜೆನೆಸಿಸ್ ಕೊನೆಯ ಕಾರ್ಯಕ್ರಮ ಕೊಟ್ಟಾಗ ಗೇಬ್ರಿಯಲ್ ಪ್ರೇಕ್ಷಕರ ನಡುವೆ ಕೂತಿದ್ದರು. ದೇಹಸ್ಥಿತಿ ಕೆಟ್ಟು ಕಾಲಿನ್ಸ್ ಕುರ್ಚಿಯಲ್ಲಿ ಕೂತೇ ಹಾಡಿದರು. ಡ್ರಮ್ಸ್ ನುಡಿಸಿದ್ದು ಅವರ ಮಗ. ಕೊನೆಯ ಹಾಡಾಗಿ ಅವರು ಆರಿಸಿಕೊಂಡದ್ದು ‘ದ ಕಾರ್ಪೆಟ್ ಕ್ರಾಲರ್ಸ್’, ಗೇಬ್ರಿಯಲ್ ಕಾಲದ್ದು, 1974ರದು.

ಈ ಬ್ಯಾಂಡನ್ನು ಇನ್ನೂ ಕೇಳದವರು ಎಲ್ಲಿಂದ ಶುರು ಮಾಡಬೇಕು ಎಂದರೆ ಪಕ್ಷಗಳೆರಡೂ ತಂತಮ್ಮ ಆಲ್ಬಮ್ ಹಿಡಿದು ಓಡಿಬರುತ್ತವೆ. ನಾನು ‘ಡ್ಯೂಕ್’ ಎನ್ನುತ್ತೇನೆ. ಮನೆಯಲ್ಲಿ ಬರೆದ ಹಾಡೂ ಕೂತಲ್ಲೇ ಹುಟ್ಟಿದ ಹಾಡೂ ಅದರಲ್ಲಿ ಅಕ್ಕಪಕ್ಕ ಇವೆ, ಯಾವುದು ಯಾವ ಬಗೆಯದೆಂದು ಹೊದಿಕೆ ನೋಡದೆ ಊಹಿಸಬಹುದು. ಅಲ್ಲಿಂದ ಹಿಂದಕ್ಕೆ ‘ಎ ಟ್ರಿಕ್ ಆಫ್ ದ ಟೇಲ್’, ಅದರ ಹಿಂದೆ ‘ಸೆಲ್ಲಿಂಗ್ ಇಂಗ್ಲೆಂಡ್’. ಮುಂದಕ್ಕೆ ‘ಅಬಕಾಬ್’, ‘ಮಾಮಾ’, ಆಮೇಲೆ ‘ಇನ್ವಿಸಿಬಲ್ ಟಚ್’ನ ಹತ್ತು ನಿಮಿಷದ ‘ಡೊಮಿನೊ’. ‘ಹೂ ಡನ್ ಇಟ್’ ಬಂದಾಗ ಮುಂದಿನ ಹಾಡಿಗೆ ಹಾರಿಬಿಡಿ. ನಾನು ಈಗಲೂ ಹಾಗೇ ಮಾಡುತ್ತೇನೆ.