ಉಳಿದ ಫಿಲ್ಲರ್ ಕಾದಿರಿಸಬಹುದೇ?

ಮದುವೆಯ ಸೀರೆ, ಬಳೆಗಳಿಗಾಗಿ ಸುಲ್ತಾನ್ ಬಜಾರಿಗೆ ಹೋಗಿಬರುವ ನಮ್ಮ ಕುಟುಂಬಗಳಲ್ಲಿ ಈಗ ಮುಖದ ಅಂದಕ್ಕೆ ಚುಚ್ಚುವ ಫಿಲ್ಲರಿನ ಮಾತೂ ಕೇಳಿಬರುತ್ತಿದೆ. 1 ಮಿಲಿಲೀಟರ್ ಸಿರಿಂಜಿನಲ್ಲಿ ಅರ್ಧ ಉಳಿದರೆ, ಹಣ ತೆತ್ತು ಕೊಂಡದ್ದನ್ನು ಫ್ರಿಜ್ಜಿನಲ್ಲಿಟ್ಟು ಮುಂದಿನ ಸಲ ಬಳಸಬಾರದೇಕೆ?

ಫಿಲ್ಲರುಗಳಲ್ಲಿ ಹೆಚ್ಚಿನವು ಹೈಯಲುರಾನಿಕ್ ಆಮ್ಲದ ಜೆಲ್. ಮೊಹರು ಒಡೆಯುವವರೆಗೆ ಮಾತ್ರ ಅದು ಕ್ರಿಮಿರಹಿತ. ಸೂಜಿ ಚರ್ಮವನ್ನು ಹೊಕ್ಕಾಗ ರಕ್ತದ ಕಣಗಳೂ ಬ್ಯಾಕ್ಟೀರಿಯಾಗಳೂ ಸಿರಿಂಜನ್ನು ಸೇರಬಹುದು. ಬಳಿಕ ಸೂಜಿ ಬದಲಿಸಿದರೂ ಒಳಗಿನ ಜೆಲ್ ಶುದ್ಧವಾಗದು. ತಂಪು ಬ್ಯಾಕ್ಟೀರಿಯಾಗಳ ಬೆಳವಣಿಗೆಯನ್ನು ನಿಧಾನಗೊಳಿಸುತ್ತದೆಯೇ ಹೊರತು ಅವನ್ನು ಕೊಲ್ಲುವುದಿಲ್ಲ. ಚರ್ಮದಡಿಯ ಜೆಲ್ಲಿನಲ್ಲಿ ಅವು ಪೊರೆ ಕಟ್ಟಿಕೊಂಡರೆ ವಾರಗಳ, ತಿಂಗಳುಗಳ ಬಳಿಕವೂ ಗಂಟು, ಕೀವು ಕಾಣಿಸಿಕೊಳ್ಳಬಹುದು. ಆ ಪೊರೆಯೊಳಗೆ ಔಷಧಗಳೂ ಸುಲಭವಾಗಿ ನಾಟವು.

ಅದೇ ವ್ಯಕ್ತಿಗೆಂದು ಉಳಿದದ್ದನ್ನು ತೆಗೆದಿಡುವ ರೂಢಿ ಕೆಲವು ವೈದ್ಯರಲ್ಲಿ ಉಂಟು. ಆದರೆ ತಯಾರಕರ ಸೂಚನೆ ಸ್ಪಷ್ಟ: ಒಂದು ಸಿರಿಂಜು ಒಬ್ಬರಿಗೆ, ಒಂದೇ ಬಾರಿಗೆ. ಅಕ್ಕತಂಗಿಯರು ಹಂಚಿಕೊಳ್ಳುವುದಂತೂ ಘೋರ ಅಪಾಯ. 2009ರಲ್ಲಿ ಗುಜರಾತಿನ ಮೊಡಾಸಾದಲ್ಲಿ ಸಿರಿಂಜುಗಳ ಮರುಬಳಕೆಯಿಂದ ಹೆಪಟೈಟಿಸ್ ಬಿ ಹರಡಿ ಹಲವರು ಪ್ರಾಣ ಕಳೆದುಕೊಂಡುದನ್ನು ನಾವು ಮರೆಯಲಾಗದು.

ಆದುದರಿಂದ ಎಷ್ಟು ಪ್ರಮಾಣ ಬೇಕೆಂದು, ಚಿಕ್ಕ ಸಿರಿಂಜು ದೊರೆಯುವುದೇ ಎಂದು ತಜ್ಞವೈದ್ಯರನ್ನು ಮೊದಲೇ ಕೇಳೋಣ. ಮೊಹರು ನಮ್ಮೆದುರೇ ಒಡೆಯಲಿ. ಉಳಿದದ್ದು ನಮ್ಮೆದುರೇ ವೈದ್ಯಕೀಯ ತ್ಯಾಜ್ಯಕ್ಕೆ ಸೇರಲಿ. ಮಿಗಿಸಿದ ಕೆಲವು ಸಾವಿರ ರೂಪಾಯಿಗಳಿಗಿಂತ ಮನೆಮಗಳ ಮುಖ ದೊಡ್ಡದು.