ಬ್ಯಾಂಕಿನ ಸಾಲ, ಊರಿನ ಉಸಿರು

2015ರ ಡಿಸೆಂಬರ್ 8. ಬೀಜಿಂಗ್ ನಗರದ ಮಕ್ಕಳಿಗೆ ಅಂದು ಶಾಲೆಗೆ ರಜೆ. ಹಬ್ಬವೇನೂ ಇರಲಿಲ್ಲ, ಮಳೆಯೂ ಇರಲಿಲ್ಲ. ಹೊರಗಿನ ಗಾಳಿ ಉಸಿರಾಡಲು ಯೋಗ್ಯವಾಗಿರಲಿಲ್ಲ, ಅಷ್ಟೆ. ವಾಯುಮಾಲಿನ್ಯದ 'ಕೆಂಪು ಎಚ್ಚರಿಕೆ'ಯನ್ನು ಆ ನಗರ ಹೊರಡಿಸಿದ್ದು ಅದೇ ಮೊದಲು. ಅದಕ್ಕೂ ಮುನ್ನ, 2013ರ ಜನವರಿ 12ರಂದು ಅಲ್ಲಿನ ಅಮೆರಿಕ ರಾಯಭಾರ ಕಚೇರಿಯ ಮಾಪಕವು ಒಂದು ಘನ ಮೀಟರ್ ಗಾಳಿಯಲ್ಲಿ 886 ಮೈಕ್ರೋಗ್ರಾಂ ಸೂಕ್ಷ್ಮ ಕಣಗಳನ್ನು ತೋರಿಸಿತ್ತು. ದಿನದ ಸರಾಸರಿಗೆ ವಿಶ್ವ ಆರೋಗ್ಯ ಸಂಸ್ಥೆ ಆಗ ಹಾಕಿದ್ದ ಮಿತಿ ಕೇವಲ 25!

ಈ ಕಣಗಳ ವ್ಯಾಸ 2.5 ಮೈಕ್ರಾನ್‌ಗಿಂತ ಹೆಚ್ಚಿಲ್ಲ. ಕಣ್ಣಿಗೆ ಕಾಣುವುದಿಲ್ಲ, ಮೂಗು ತಡೆಯಲಾರದು. ಅವು ಶ್ವಾಸಕೋಶದ ಆಳಕ್ಕಿಳಿದು ರಕ್ತವನ್ನೂ ಸೇರಬಲ್ಲವು. ಬೆಳೆಯುವ ಮಕ್ಕಳಿಗೆ ಇದರಿಂದ ಅಪಾಯ ಹೆಚ್ಚು.

ಹೊಗೆ ಬಂದದ್ದು ಎಲ್ಲಿಂದ? ಕಲ್ಲಿದ್ದಲಿನ ಬಾಯ್ಲರುಗಳಿಂದ, ವಾಹನಗಳಿಂದ, ನೆರೆಯ ಹೆಬೈ ಪ್ರಾಂತ್ಯದ ಉಕ್ಕಿನ ಕಾರ್ಖಾನೆಗಳಿಂದ. ಆದರೆ ಕಾರ್ಖಾನೆ ತಾನಾಗಿ ಏಳುವುದಿಲ್ಲ. ಅದಕ್ಕೆ ಬಂಡವಾಳ ಬೇಕು. ಬಂಡವಾಳದ ದೊಡ್ಡ ಪಾಲು ಬ್ಯಾಂಕಿನ ಸಾಲ. ಎದ್ದು ನಿಂತ ಚಿಮಣಿಯ ಬಾಯಿ ಮುಚ್ಚಿಸುವುದಕ್ಕಿಂತ ಮೊದಲೇ ತಿಜೋರಿಯ ಬಾಯಿ ಮುಚ್ಚುವುದು ಸುಲಭವಲ್ಲವೆ? 'ಹಸಿರು ಸಾಲ' ನೀತಿಯ ತಿರುಳು ಇದೇ.

2007ರಲ್ಲಿ ಚೀನಾದ ಪರಿಸರ ಇಲಾಖೆ, ಕೇಂದ್ರ ಬ್ಯಾಂಕು ಮತ್ತು ಬ್ಯಾಂಕಿಂಗ್ ನಿಯಂತ್ರಣ ಆಯೋಗ ಒಂದಾಗಿ ಈ ನೀತಿಯನ್ನು ಸಾರಿದವು. ಪರಿಸರ ಕಾನೂನು ಮುರಿದ ಉದ್ದಿಮೆಗಳ ವಿವರ ಬ್ಯಾಂಕುಗಳಿಗೆ ಹೋಗಬೇಕು. ಬ್ಯಾಂಕುಗಳು ಅಂಥವರಿಗೆ ಸಾಲ ಬಿಗಿಮಾಡಬೇಕು. 2012ರ ಮಾರ್ಗಸೂಚಿ ಇದನ್ನು ಇನ್ನಷ್ಟು ಸ್ಪಷ್ಟಪಡಿಸಿತು. ಇದರಲ್ಲಿ ಬ್ಯಾಂಕಿನ ಸ್ವಾರ್ಥವೂ ಉಂಟು. ಮಾಲಿನ್ಯದ ಕಾರಣಕ್ಕೆ ನಾಳೆ ಕಾರ್ಖಾನೆಗೆ ಬೀಗ ಬಿದ್ದರೆ ಕೊಟ್ಟ ಸಾಲ ಮುಳುಗಿದಂತೆಯೇ.

ಫಲವೇನು? 2013ರಲ್ಲಿ ಬೀಜಿಂಗಿನ ಸೂಕ್ಷ್ಮ ಕಣಗಳ ವಾರ್ಷಿಕ ಸರಾಸರಿ 89.5 ಮೈಕ್ರೋಗ್ರಾಂ ಇತ್ತು. 2017ರಲ್ಲಿ ಅದು 58ಕ್ಕೆ, 2021ರಲ್ಲಿ 33ಕ್ಕೆ ಇಳಿಯಿತು. ಆದರೆ ಇದರ ಪೂರ್ಣ ಕೀರ್ತಿ ಬ್ಯಾಂಕುಗಳಿಗೆ ಸಲ್ಲದು. 2013ರ ರಾಷ್ಟ್ರೀಯ ಕಾರ್ಯಯೋಜನೆಯಡಿ ಕಲ್ಲಿದ್ದಲಿನ ಬಾಯ್ಲರುಗಳನ್ನು ಕಿತ್ತುಹಾಕಲಾಯಿತು, ಹಳೆಯ ವಾಹನಗಳನ್ನು ರಸ್ತೆಯಿಂದ ಇಳಿಸಲಾಯಿತು. ಅಲ್ಲದೆ ಹಸಿರು ಎಂಬ ಹಣೆಪಟ್ಟಿಯನ್ನೆಲ್ಲ ನಂಬುವಂತಿಲ್ಲ. ಹಸಿರು ಬಾಂಡುಗಳ ಪಟ್ಟಿಯಲ್ಲಿ 'ಶುದ್ಧ ಕಲ್ಲಿದ್ದಲು' ಕೂಡ ಜಾಗ ಪಡೆದಿತ್ತು; ಅದನ್ನು ತೆಗೆದದ್ದು 2021ರಲ್ಲಿ!

ನಮ್ಮಲ್ಲೂ ಈ ವಿಚಾರ ಹೊಸತಲ್ಲ. ಸೌರಶಕ್ತಿಯಂಥ ಮರುಬಳಕೆ ಇಂಧನಗಳಿಗೆ ಕೊಡುವ ಸಾಲವನ್ನು ರಿಸರ್ವ್ ಬ್ಯಾಂಕ್ 2015ರಲ್ಲಿ ಆದ್ಯತಾ ವಲಯಕ್ಕೆ ಸೇರಿಸಿತು. 2023ರಲ್ಲಿ ಹಸಿರು ಠೇವಣಿಗಳಿಗೂ ನಿಯಮ ತಂದಿತು. ಈ ಹೆಸರಿನಲ್ಲಿ ಸಂಗ್ರಹಿಸಿದ ಹಣ ಎಲ್ಲಿ ವಿನಿಯೋಗವಾಯಿತೆಂದು ಬ್ಯಾಂಕು ಪ್ರತಿವರ್ಷ ಹೊರಗಿನವರಿಂದ ಪರಿಶೀಲಿಸಿಕೊಳ್ಳಬೇಕು.

ಬ್ಯಾಂಕಿನಲ್ಲಿರುವುದು ನಮ್ಮ ನಿಮ್ಮ ಉಳಿತಾಯವೇ ತಾನೆ? ಮಕ್ಕಳ ಓದಿಗೆಂದು ಕೂಡಿಟ್ಟ ಹಣ ಅವರ ಉಸಿರನ್ನೇ ಕಟ್ಟಿಸಬಾರದು. ಮುಂದಿನ ಸಲ ಠೇವಣಿ ಇಡಲು ಹೋದಾಗ ಬಡ್ಡಿ ಎಷ್ಟೆಂದು ಕೇಳುವ ಜೊತೆಗೆ, ಈ ಹಣ ಎಲ್ಲಿಗೆ ಹೋಗುತ್ತದೆಂದೂ ಒಮ್ಮೆ ಕೇಳಿನೋಡಿ.