ಬಯೋಟೆಕ್ ಓದಿದವರಿಗೆ ಅರಿಶಿನ ತೋರಿಸುವ ದಾರಿ

ಕೊಯ್ಲಿನ ಸಮಯದಲ್ಲಿ ನಾವು ಹನೂರಿನ ಪರಿಚಯದ ಮನೆಯೊಂದಕ್ಕೆ ಹೋಗಿದ್ದೆವು. ಬೇಯಿಸಿದ ಅರಿಶಿನವನ್ನು ಅಂಗಳದಲ್ಲಿ ಒಣಗಲು ಹರಡಿದ್ದರು. ಉರ್ದು ಮಾತಾಡುವ ಮನೆ. ಅಲ್ಲಿ ನಮ್ಮನ್ನು ಉಸ್ತಾದ್ ಅನ್ನುವುದಿಲ್ಲ, ಹಜ್ರತ್ ಅನ್ನುತ್ತಾರೆ. ಮಗಳು ಬಯೋಟೆಕ್ನಾಲಜಿಯಲ್ಲಿ ಎಂ.ಎಸ್ಸಿ. ಮುಗಿಸಿ ಮನೆಯಲ್ಲಿದ್ದಾಳೆ. "ಲ್ಯಾಬು, ಇಲ್ಲಾಂದ್ರೆ ಟೀಚರ್ ಕೆಲಸ. ಬೇರೆ ಏನಿದೆ ಹಜ್ರತ್?" ಎಂದು ತಂದೆ ಕೇಳಿದರು. ಅಂಗಳ ನೋಡಿ ನಮಗೆ ಹಳೆಯ ಕೇಸೊಂದು ನೆನಪಾಯಿತು.

1995ರಲ್ಲಿ ಅಮೆರಿಕದ ಮಿಸಿಸಿಪ್ಪಿ ವಿಶ್ವವಿದ್ಯಾಲಯದ ಮೆಡಿಕಲ್ ಸೆಂಟರಿಗೆ, ಗಾಯ ವಾಸಿ ಮಾಡಲು ಅರಿಶಿನ ಬಳಸುವುದಕ್ಕೆ ಪೇಟೆಂಟ್ ಸಿಕ್ಕಿತು. ಸಂಶೋಧಕರಿಬ್ಬರೂ ಭಾರತ ಮೂಲದವರೇ ಎನ್ನುವುದು ಇನ್ನೊಂದು ಸೋಜಿಗ! ಪೇಟೆಂಟ್ ಎಂದರೆ ಹೊಸ ಆವಿಷ್ಕಾರವನ್ನು ಬೇರೆಯವರು ಅನುಮತಿಯಿಲ್ಲದೆ ಬಳಸಿ ವ್ಯಾಪಾರ ಮಾಡದಂತೆ ತಡೆಯುವ ಹಕ್ಕು. ನಮ್ಮ ದೇಶದಲ್ಲಿ ಅರ್ಜಿ ಹಾಕಿದ ದಿನದಿಂದ 20 ವರ್ಷ. ಮಗು ಬಿದ್ದು ಮೊಣಕಾಲು ತರಚಿಕೊಂಡರೆ ನಮ್ಮ ಉಮ್ಮಂದಿರು ಅರಿಶಿನ ಹಚ್ಚುವುದು ಹೊಸತಾ? ಆದರೆ "ನಮ್ಮ ಅಜ್ಜಿಗೆ ಗೊತ್ತಿತ್ತು" ಎಂದು ಬಾಯಲ್ಲಿ ಹೇಳಿದರೆ ಸಾಲದು, ಬರೆದ ದಾಖಲೆ ಬೇಕು. ಡಾ. ಮಶೇಲ್ಕರ್ ಮುಖ್ಯಸ್ಥರಾಗಿದ್ದ ಸಿ.ಎಸ್.ಐ.ಆರ್. 1996ರಲ್ಲಿ ಮರುಪರಿಶೀಲನೆ ಕೇಳಿತು. 32 ದಾಖಲೆ ಹುಡುಕಿದರು. ಸಂಸ್ಕೃತ, ಹಿಂದಿ ಮಾತ್ರವಲ್ಲ, ಉರ್ದುವಿನದ್ದೂ ಇತ್ತು. 1953ರ ವೈದ್ಯಕೀಯ ಪತ್ರಿಕೆಯ ಲೇಖನವೂ ಇತ್ತು. 1997ರಲ್ಲಿ ಅಮೆರಿಕದ ಪೇಟೆಂಟ್ ಕಚೇರಿ ಆ ಹಕ್ಕನ್ನು ತಳ್ಳಿಹಾಕಿತು.

ಹೀಗೆ ಹಳೆಯದನ್ನು ಹುಡುಕುವುದು, ಲ್ಯಾಬಿನಲ್ಲಿ ಕಂಡದ್ದನ್ನು ಕಾನೂನಿನ ಮಾತಲ್ಲಿ ಅಳೆದು ಬರೆಯುವುದು, ಪರೀಕ್ಷಕರ ಆಕ್ಷೇಪಕ್ಕೆ ಉತ್ತರ ಕೊಡುವುದು, ಇದು ಪೇಟೆಂಟ್ ಏಜೆಂಟರ ಕೆಲಸ. ಔಷಧ, ಬೀಜ, ಲಸಿಕೆಯ ವಿಷಯವಾದರೆ ಜೀವವಿಜ್ಞಾನ ಓದಿದವರೇ ಬೇಕು. ಬರೀ ಕಾನೂನು ಓದಿದವರಿಗೆ ಜೀನು, ಪ್ರೊಟೀನು ಅರ್ಥವಾಗುವುದು ಕಷ್ಟ ಮಾರಾಯ್ರೆ.

"ಹಾಗಾದ್ರೆ ಲಾ ಓದಿಸ್ಬೇಕಾ? ಫೀಸು ಎಲ್ಲಿಂದ?" ಎಂದು ತಂದೆ ಹೆದರಿದರು. ಬೇಡ. 21 ವರ್ಷ ತುಂಬಿದ, ವಿಜ್ಞಾನ ಅಥವಾ ಎಂಜಿನಿಯರಿಂಗ್ ಪದವಿ ಇರುವ ಭಾರತೀಯರು ಪೇಟೆಂಟ್ ಏಜೆಂಟ್ ಪರೀಕ್ಷೆ ಬರೆಯಬಹುದು. 100 ಅಂಕದ ಎರಡು ಪೇಪರ್, 50 ಅಂಕದ ಮೌಖಿಕ. ಪ್ರತಿ ಪೇಪರಿನಲ್ಲಿ 50, ಒಟ್ಟಿನಲ್ಲಿ ಶೇ. 60 ಬೇಕು. ಕೋರ್ಟಿನಲ್ಲಿ ವಾದಿಸಬೇಕೆಂದರೆ ಮಾತ್ರ ಎಲ್‌ಎಲ್‌ಬಿ. ಒಂದು ತೊಂದರೆ ಉಂಟು: ಪರೀಕ್ಷೆ ಪ್ರತಿ ವರ್ಷ ತಪ್ಪದೆ ನಡೆಯುವುದಿಲ್ಲ. ಪ್ರಕಟಣೆಗೆ ಕಣ್ಣಿಟ್ಟಿರಬೇಕು. ಅಷ್ಟರವರೆಗೆ ಬೆಂಗಳೂರಿನಂಥ ಕಡೆ ಪೇಟೆಂಟ್ ಸಂಸ್ಥೆಗಳಲ್ಲಿ ಸಹಾಯಕರಾಗಿ ಕಲಿಯಬಹುದು.

ನಮಗೆ ಕುತೂಹಲ ಹುಟ್ಟಿಸಿದ್ದು ಬೇರೆ. ಅರಿಶಿನದ ಕೇಸಿನ ನಂತರ ಸರಕಾರ 2001ರಲ್ಲಿ ಪಾರಂಪರಿಕ ಜ್ಞಾನದ ಡಿಜಿಟಲ್ ಗ್ರಂಥಾಲಯ ಶುರುಮಾಡಿತು. ಅರಬಿ, ಫಾರ್ಸಿ, ಉರ್ದುವಿನ ಯುನಾನಿ ಗ್ರಂಥಗಳೂ ಅದರಲ್ಲಿವೆ. ವಿದೇಶದ ಪೇಟೆಂಟ್ ಪರೀಕ್ಷಕರು ನೋಡಲೆಂದು ಇಂಗ್ಲಿಷ್, ಜಪಾನಿಗೆಲ್ಲ ತಂದಿದ್ದಾರೆ. ಕಿತಾಬು ಓದಬಲ್ಲ, ಜೊತೆಗೆ ಬಿ.ಎಸ್ಸಿ. ಮಾಡಿದ ಮಕ್ಕಳು ನಮ್ಮ ಊರುಗಳಲ್ಲಿ ಎಷ್ಟು ಮಂದಿ ಇಲ್ಲ?

ಹೊರಡುವಾಗ ಹುಡುಗಿ ಪರೀಕ್ಷೆಯ ಹೆಸರನ್ನು ನಮ್ಮಿಂದ ಎರಡು ಸಲ ಹೇಳಿಸಿ ಬರೆದುಕೊಂಡಳು. ತಂದೆ ಒಂದು ಪೊಟ್ಟಣ ಅರಿಶಿನ ಕೊಟ್ಟರು.